ತಿದಿ ತುಳಿಯುವ ಎಪ್ಪೊ

ಎಲ್ಸ್‌ವೆರ್ಡ್ ಎಂಬ ಹಳ್ಳಿಯ ಚರ್ಚಿಗೆ ಆರ್ಗನ್ ವಾದ್ಯ ನುಡಿಸುವವರು ಎಂಟು ಜನ ಬಂದರು, ಎಂಟು ಜನವೂ ಹೋದರು. ತಿದಿ ತುಳಿಯುವವನು ಮಾತ್ರ ಐವತ್ತೊಂಬತ್ತು ವರ್ಷ ಒಬ್ಬನೇ. ಎಪ್ಪೊ ಮೆಲ್ಲೆಮ ಎಂಬ ಈ ಮನುಷ್ಯ ವಾರವೆಲ್ಲ ಹಾಲಿನ ಲಾರಿ ಓಡಿಸುತ್ತಿದ್ದ. ಹಬ್ಬ ಬಂದರೆ, ಊರಲ್ಲಿ ಸಾವಾದರೆ, ಹೊರಗಿನ ಸಂಗೀತಗಾರರು ಬಂದರೆ ಚರ್ಚಿನ ಅಟ್ಟ ಹತ್ತುತ್ತಿದ್ದ. ಅವನು ಅಲ್ಲಿ ಏನು ಮಾಡುತ್ತಾನೆಂದು ಕಣ್ಣಾರೆ ಕಂಡವರು ಊರಲ್ಲಿ ಹತ್ತು ಮಂದಿ ಇದ್ದಾರೋ ಇಲ್ಲವೋ.

ಆರ್ಗನ್ನಿನ ಬೆನ್ನಿಗೆ ಒಂದು ಕತ್ತಲೆ ಕೋಣೆ. ಅಲ್ಲಿ ಮಂಚದಷ್ಟು ಅಗಲದ ಮೂರು ತೊಗಲು ತಿದಿಗಳು, ಒಂದೊಂದರಿಂದಲೂ ಹೊರಚಾಚಿದ ಒಂದೊಂದು ಓಕ್ ಮರದ ತೊಲೆ. ತೊಲೆ ಹತ್ತಿ ಮೈಭಾರ ಬಿಟ್ಟರೆ ತಿದಿ ಬಾಯಿ ತೆರೆದು ಗಾಳಿ ಕುಡಿಯುತ್ತದೆ. ಇಳಿದರೆ ಮೇಲೆ ಹೇರಿದ ಕಲ್ಲುಗಳ ಭಾರಕ್ಕೆ ಮೆಲ್ಲಗೆ ಕುಸಿಯುತ್ತ ಆ ಗಾಳಿಯನ್ನು ಕೊಳವೆಗಳಿಗೆ ಊಡುತ್ತದೆ. ಒಂದು ಬರಿದಾಗುವ ಮುಂಚೆ ಇನ್ನೊಂದು ತುಂಬಿರಬೇಕು. ತೊಲೆಯಿಂದ ಗಕ್ಕನೆ ಇಳಿದರೆ ಗಾಳಿ ಎಗರುತ್ತದೆ, ತಡವಾಗಿ ಹತ್ತಿದರೆ ಸೊರಗುತ್ತದೆ; ಎರಡರಲ್ಲಿ ಯಾವುದಾದರೂ ಕೆಳಗೆ ಹಾಡು ಬಿಕ್ಕುತ್ತದೆ. ಎಪ್ಪೊ ಹದಿನಾಲ್ಕರ ಹುಡುಗನಾಗಿದ್ದಾಗ, ಯುದ್ಧ ಮುಗಿದ ವರ್ಷ, ಅವನಪ್ಪ ಆ ತೊಲೆಯ ಮೇಲೆ ನಿಲ್ಲಿಸಿ ಕಲಿಸಿದ್ದು ಒಂದೇ ಪಾಠ: “ಮೇಲೆ ನೀನಿದೀಯ ಅಂತ ಕೆಳಗೆ ಕೂತೋರಿಗೆ ಗೊತ್ತಾದ್ರೆ ನೀನು ಕೆಟ್ಟೆ ಅಂತ್ಲೇ ಲೆಕ್ಕ.”

ಎಪ್ಪೊ ಆ ಮಾತನ್ನು ವೇದವಾಕ್ಯ ಮಾಡಿಕೊಂಡ. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಚರ್ಚಿನ ಹಿರಿಯರು ಗಾಳಿ ಊದಲು ಮೋಟಾರ್ ಕೂರಿಸಿದರು. ಭಾನುವಾರಗಳು ಅದರ ಪಾಲಾದವು. ಆದರೂ ಈಸ್ಟರಿಗೆ, ಕ್ರಿಸ್ಮಸ್ಸಿಗೆ, ಮಣ್ಣು ಮಾಡುವ ದಿನಗಳಿಗೆ ಎಪ್ಪೊನೇ ಬೇಕು. ದೂರದ ಸಂಗೀತಗಾರರು ಇಳಿದು ಹೋಗುವಾಗ ಕೋಣೆಗೆ ಇಣುಕಿ, ನೀವಿದ್ದದ್ದೇ ಗೊತ್ತಾಗಲಿಲ್ಲ ಎನ್ನುತ್ತಿದ್ದರು. ಬೇರೆಯವರಿಗಾದರೆ ಅವಮಾನ. ಎಪ್ಪೊಗೆ ಅದೇ ಬಿರುದು ಬಾವಲಿ. ಮನೆಗೆ ಬಂದು ಹೆಂಡತಿ ಫ್ರೌಕೆಗೆ ಅದನ್ನು ಇದ್ದ ಹಾಗೇ ಒಪ್ಪಿಸುವನು. ಅವಳು ಸಾಸಿವೆ ಸಾರು ಬಡಿಸುತ್ತ, ಗೊತ್ತಾಗದೆ ಇರೋದಕ್ಕೆ ಇಷ್ಟು ಹೆಮ್ಮೆಪಡೋ ಗಂಡಸನ್ನ ನಾನು ನೋಡಿಲ್ಲ ಎನ್ನುವಳು. ಒಳಗೊಳಗೆ ಅವಳಿಗೂ ಹೆಮ್ಮೆಯೇ.

ಹಾಲಿನ ಲಾರಿಯಲ್ಲಿ ಅವನಿಗೆ ಹೆಸರಿರಲಿಲ್ಲ, ಚರ್ಚಿನ ಹಿರಿಯರ ಬೆಂಚಿನಲ್ಲಿ ಜಾಗವಿರಲಿಲ್ಲ. ಇಡೀ ಬಾಳಿನಲ್ಲಿ ಅವನು ಸಂಪಾದಿಸಿದ್ದು ಒಂದೇ: ಎಪ್ಪೊನ ಗಾಳಿ ನಡುಗುವುದಿಲ್ಲ ಎಂಬ ಮಾತು.

ಅದು ಇದ್ದದ್ದು ಎರಡು ಸಾವಿರದ ನಾಲ್ಕರ ಅಕ್ಟೋಬರ್‌ವರೆಗೆ. ಆ ತಿಂಗಳು ಲೌರೆನ್ಸ್ ಟೆರ್ ಹಾರ್ ಮತ್ತು ಗುನ್ವೊರ್ ಆಸ್ಕ್ ಊರಿಗೆ ಬಂದರು.

ಲೌರೆನ್ಸ್‌ಗೆ ಎಪ್ಪತ್ತೆಂಟು. ಆಮ್ಸ್ಟರ್‌ಡ್ಯಾಮಿನವನು, ಸಂಗೀತ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ನಾಲ್ಕು ಸ್ವರ ಹಿಡಿದು ಅದನ್ನೇ ಗಂಟೆಗಟ್ಟಲೆ ಎಳೆಯುವುದು ಅವನ ವಿದ್ಯೆ. ಗುನ್ವೊರ್ ಸ್ವೀಡನ್ನಿನವಳು, ಎಂಬತ್ತರ ಮುದುಕಿ, ಆಮ್ಸ್ಟರ್‌ಡ್ಯಾಮಿನಲ್ಲೇ ಬೇರುಬಿಟ್ಟವಳು. ಹಡಗಿನ ಹೊಟ್ಟೆ, ಫ್ರಿಜ್ಜಿನ ಗೊರಕೆ, ಮಂಜುಗಡ್ಡೆ ಸೀಳುವ ಸದ್ದು ಇವನ್ನೆಲ್ಲ ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ಸಂಗೀತ ಎನ್ನುವವಳು. ಮೂವತ್ತು ವರ್ಷ ಇಬ್ಬರೂ ಪತ್ರಿಕೆಗಳಲ್ಲಿ ಒಬ್ಬರನ್ನೊಬ್ಬರು ಹರಿದು ತಿಂದವರು. ಅವನು ಜೋಗುಳ ಹಾಡ್ತಾನೆ ಎಂದು ಅವಳು, ಅವಳು ಪಾತ್ರೆ ಬಡೀತಾಳೆ ಎಂದು ಅವನು. ಈಗ ಕಾಲ ಹತ್ತಿರ ಬಂತೆಂದೋ ಏನೋ ರಾಜಿಯಾಗಿದ್ದರು. ಜೊತೆಗೂಡಿ ಒಂದು ಧ್ವನಿಮುದ್ರಿಕೆ ಮಾಡುವುದೆಂದು ಹೊರಟಿದ್ದರು. ದೊಡ್ಡವರ ರಾಜಿಗೆ ನಡುವೆ ಒಬ್ಬ ಬಡಪಾಯಿ ಬೇಕಲ್ಲ, ಎಪ್ಪೊ ಸಿಕ್ಕಿದ.

ಬಂದ ದಿನ ಲೌರೆನ್ಸ್ ಎಪ್ಪೊನ ಕೈ ಹಿಡಿದು ಕುಲುಕಿ, ವಯಸ್ಸು ಕೇಳಿದ, ಮಂಡಿ ಹೇಗಿದೆ ಎಂದು ಕೇಳಿದ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದೂ ಕೇಳಿದ. ಎಪ್ಪತ್ತಮೂರರ ಎಪ್ಪೊ ಇದನ್ನೆಲ್ಲ ಕಾಳಜಿ ಎಂದುಕೊಂಡ. ಎಡಮಂಡಿ ಎರಡು ವರ್ಷದಿಂದ ಕಿರಿಕಿರಿ ಎಂದೂ, ಆದರೂ ತುಳಿಯುವುದಕ್ಕೆ ತೊಂದರೆ ಇಲ್ಲವೆಂದೂ ಹೇಳಿದ. ಲೌರೆನ್ಸ್ ಗುನ್ವೊರ್ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ಮಾರನೆಯ ದಿನ ಮಧ್ಯಾಹ್ನ ಕೆಲಸ. ಗುನ್ವೊರ್ ಚರ್ಚಿನ ನಡುವೆ ಎರಡು ಟೇಪ್ ಯಂತ್ರ ಇಟ್ಟುಕೊಂಡು ಕೂತಳು. ಆರ್ಗನ್ನಿನ ದನಿಯನ್ನು ಹಿಡಿದು, ಹತ್ತು ಸೆಕೆಂಡು ತಡಮಾಡಿ, ಅದನ್ನೇ ಚರ್ಚಿಗೆ ತಿರುಗಿ ಬಿಡುವುದು ಅವಳ ಪಾಲು. ಲೌರೆನ್ಸ್ ಆರ್ಗನ್ನಿನ ನಾಲ್ಕು ಸ್ವರದ ಮನೆಗಳನ್ನು ಒತ್ತಿ ಅವುಗಳ ಮೇಲೆ ಸೀಸದ ಗಟ್ಟಿ ಇಟ್ಟು ಕೈಕಟ್ಟಿ ಕೂತ. ಆಗಾಗ ಕೊಳವೆಗಳಿಗೆ ಗಾಳಿ ಬಿಡುವ ಒಂದು ಗುಬುಟನ್ನು ಕೂದಲೆಳೆಯಷ್ಟು ಎಳೆಯುವುದು ಬಿಟ್ಟರೆ ಅವನಿಗೆ ಬೇರೆ ಕೆಲಸವಿರಲಿಲ್ಲ. ಸಾಮಾನ್ಯವಾಗಿ ಎಪ್ಪೊಗೆ ಪಾದ್ರಿಯ ಪ್ರವಚನದ ಹೊತ್ತು ಬಿಡುವು; ಜನ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳುವಾಗ ಅವನೂ ಒಂದು ಹಾಕಿಕೊಂಡು ಗೋಡೆಗೆ ಒರಗುತ್ತಿದ್ದ. ಇಲ್ಲಿ ಬಿಡುವೇ ಇಲ್ಲ. ಐವತ್ತೆರಡು ನಿಮಿಷ ಒಂದೇ ದನಿ, ಆ ದನಿ ಕ್ಷಣವೂ ಗಾಳಿ ಕೇಳುತ್ತದೆ. ನುಡಿಸುವವನು ಕೂತಿದ್ದ, ತುಳಿಯುವವನು ಬೆವರಿದ.

ಒಂದು, ಎರಡು, ಮೂರು ತೊಲೆ, ಮತ್ತೆ ಒಂದು. ಕಾಲುಗಂಟೆ ಕಳೆಯುವಷ್ಟರಲ್ಲಿ ಅಂಗಿ ಒದ್ದೆ. ಅರ್ಧ ಗಂಟೆಗೆ ಎಡಮಂಡಿಯಲ್ಲಿ ಮುಳ್ಳಾಡಿಸಿದಂತಾಯಿತು. ಮೂವತ್ತೆಂಟನೆಯ ನಿಮಿಷದಲ್ಲಿ ಅವನು ಎರಡನೆಯ ತೊಲೆಗೆ ಕಾಲಿಟ್ಟಾಗ ಮಂಡಿ ಮಡಚಿತು. ಬಿದ್ದ. ತೊಲೆ ಎಗರಿತು, ಗಾಳಿ ಕುಸಿಯಿತು. ಕೆಳಗೆ ಆ ನಾಲ್ಕು ಸ್ವರವೂ ಒಟ್ಟಿಗೆ ಜಾರಿ, ಕರು ಕಳಕೊಂಡ ಹಸುವಿನ ಹಾಗೆ ನರಳಿದವು. ಎಪ್ಪೊ ಮೊಣಕೈ ಊರಿ ಎದ್ದು, ಬಲಗಾಲಲ್ಲೇ ಮೂರನೆಯ ತೊಲೆ ಹತ್ತಿ, ದನಿಯನ್ನು ಮತ್ತೆ ಮೇಲೆತ್ತಿದ. ಅಷ್ಟರಲ್ಲಿ ಗುನ್ವೊರಳ ಯಂತ್ರ ಆ ನರಳುವಿಕೆಯನ್ನು ಹಿಡಿದು, ತಡಮಾಡಿ, ಚರ್ಚಿನ ಮೂಲೆಮೂಲೆಯಿಂದ ಇನ್ನೊಮ್ಮೆ, ಮತ್ತೊಮ್ಮೆ ನರಳಿಸುತ್ತಿತ್ತು. ಎಪ್ಪೊ ಅದನ್ನೆಲ್ಲ ಕೇಳುತ್ತಲೇ ಉಳಿದ ಹದಿನಾಲ್ಕು ನಿಮಿಷ ತುಳಿದ. ಅಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಮುಗಿದ ಮೇಲೆ ಕುಂಟುತ್ತ ಕೆಳಗಿಳಿದು ಬಂದರೆ ಲೌರೆನ್ಸ್ ಕಣ್ಣಲ್ಲಿ ನೀರು. ಕೆಲಸ ಕೆಟ್ಟಿತೆಂದು ಅಳುತ್ತಾನೆ ಎಂದುಕೊಂಡ ಎಪ್ಪೊ.

“ತಪ್ಪಾಯ್ತು ಮೇಷ್ಟ್ರೇ. ನಾಳೆ ಬೆಳಿಗ್ಗೆ ಇನ್ನೊಂದ್ಸಲ ಮಾಡ್ಬಿಡೋಣ. ನಾಳೆ ಹೀಗಾಗಲ್ಲ.”

ಲೌರೆನ್ಸ್ ಅವನ ಭುಜ ತಟ್ಟಿದ. ಗುನ್ವೊರ್ ಟೇಪ್ ಸುತ್ತುತ್ತ, ಬೇಡ, ಆಯ್ತು, ಮನೆಗೆ ಹೋಗಿ ಮಲಗಿ ಎಂದಳು. ಮುದುಕನ ಮನಸ್ಸು ನೋಯಿಸಬಾರದೆಂದು ಹಾಗೆ ಹೇಳುತ್ತಾರೆ, ಟೇಪನ್ನು ಎಸೆದುಬಿಡುತ್ತಾರೆ ಎಂದೇ ಎಪ್ಪೊ ನಂಬಿದ. ಯಾವ ತಿದಿ ತುಳಿಯುವವನಾದರೂ ಹಾಗೇ ನಂಬುತ್ತಿದ್ದ. ಕೆಟ್ಟ ಗಾಳಿಯನ್ನು ಯಾರಾದರೂ ಕಾಪಿಡುತ್ತಾರೆಂದು ಅವರ ಜಾತಿಯಲ್ಲಿ ಯಾರಿಗೂ ಹೊಳೆಯಲಾರದು. ಆದರೂ ಸಮಾಧಾನವಾಗದೆ ವಾರದ ಮೇಲೆ ಒಂದು ಕಾಗದ ಬರೆದ: ಮಂಡಿಗೆ ಪಟ್ಟಿ ಕಟ್ಟಿಕೊಂಡು ಇನ್ನೊಮ್ಮೆ ತುಳಿಯಲು ತಾನು ಸಿದ್ಧ. ಉತ್ತರ ಬರಲಿಲ್ಲ. ಮಾರ್ಚ್‌ನಲ್ಲಿ ಧ್ವನಿಮುದ್ರಿಕೆಯೇ ಬಂತು.

ಬೂದು ರಟ್ಟಿನ ಮೇಲೆ ಮೂರು ಹೆಸರು, ಒಂದೇ ಗಾತ್ರದ ಅಕ್ಷರ. ಆರ್ಗನ್: ಲೌರೆನ್ಸ್ ಟೆರ್ ಹಾರ್. ಟೇಪ್: ಗುನ್ವೊರ್ ಆಸ್ಕ್. ಗಾಳಿ: ಎಪ್ಪೊ ಮೆಲ್ಲೆಮ. ಫ್ರೌಕೆ ಅದನ್ನು ಕಿಟಕಿಯ ಹತ್ತಿರ ಹಿಡಿದು ಎರಡು ಸಲ ಓದಿದಳು. ಮಗಳ ಮನೆಯಲ್ಲಿ ಪ್ಲೇಯರ್ ಇತ್ತು. ಇಬ್ಬರೂ ಹೋಗಿ ಕೂತು ಕೇಳಿದರು. ಆ ಜಾಗ ಬಂದಾಗ ಎಪ್ಪೊ ಎದ್ದು ಅಂಗಳಕ್ಕೆ ಹೋದ. ಎಸೆದಿರಲಿಲ್ಲ. ಕತ್ತರಿಸಿಯೂ ಇರಲಿಲ್ಲ. ನರಳಿದ್ದನ್ನು ಇನ್ನಷ್ಟು ಎತ್ತರಿಸಿ, ಕೊನೆಯ ಹದಿನಾಲ್ಕು ನಿಮಿಷವನ್ನೆಲ್ಲ ಅದರಿಂದಲೇ ತುಂಬಿದ್ದರು.

ಆಮೇಲೆ ಶುರುವಾಯಿತು ಹೊಗಳಿಕೆ. ಪತ್ರಿಕೆಯವರು ಬರೆದರು, ಆ ಕುಸಿತದಲ್ಲಿ ಒಂದು ಯುಗವೇ ಮಂಡಿಯೂರುತ್ತದೆ ಎಂದು. ರೇಡಿಯೊದವರು ಆ ಅರ್ಧ ನಿಮಿಷವನ್ನೇ ಹೆಕ್ಕಿ ಹೆಕ್ಕಿ ಹಾಕಿದರು. ಎಪ್ಪೊ ಹತ್ತಾರು ಸಾವಿರ ಸಲ ತೊಲೆ ಹತ್ತಿ ಇಳಿದಿದ್ದ; ಅವನ ಹೆಸರಲ್ಲಿ ಉಳಿದದ್ದು ತಪ್ಪಿದ ಆ ಒಂದು ಹೆಜ್ಜೆ. ಊರಲ್ಲಿ ಭಾನುವಾರ ಪೂಜೆ ಮುಗಿದು ಕಾಫಿ ಕುಡಿಯುವಾಗ ಚರ್ಚಿನ ಗಂಟೆ-ಬೀಗ ನೋಡಿಕೊಳ್ಳುವ ಲುಬ್ಬರ್ಟ್, ಎಪ್ಪೊನ ಓರಗೆಯವನು, ಎಲ್ಲರೆದುರಿಗೆ ಕಿಚಾಯಿಸಿದ: “ಏನಪ್ಪಾ, ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರಲ್ಲ, ನಿಂದು ಪೇಪರ್‌ನಲ್ಲೇ ಬಂತು ನೋಡು.” ಜನ ನಕ್ಕರು. ಅದರಲ್ಲಿ ವಿಷವಿರಲಿಲ್ಲ. ಎಪ್ಪೊ ಕಾಫಿ ಅರ್ಧಕ್ಕೆ ಬಿಟ್ಟು ಹೊರಟ. ಏಪ್ರಿಲ್‌ನಲ್ಲಿ ಬೇಕರಿಯವನ ತಾಯಿ ತೀರಿಕೊಂಡಾಗ ಮಣ್ಣಿನ ದಿನಕ್ಕೆ ಅವನನ್ನು ಕರೆಯಲಿಲ್ಲ, ಮೋಟಾರ್ ಹಾಕಿಸಿದರು. ನಿಮಗ್ಯಾಕೆ ತ್ರಾಸು ಅಂತ, ಎಂದ ಬೇಕರಿಯವನು, ನೆಲ ನೋಡುತ್ತ.

ಇದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮೇ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ರೇಡಿಯೊದಲ್ಲಿ ಲೌರೆನ್ಸ್ ಮಾತಾಡಿದ. ತಾವಿಬ್ಬರೂ ಈ ಸೀಮೆಯ ಆರು ಚರ್ಚು ಸುತ್ತಿದ್ದಾಗಿ ಹೇಳಿದ. ಎಲ್ಲ ಕಡೆಯೂ ಒಳ್ಳೆಯ ಆರ್ಗನ್ ಇತ್ತು, ಆದರೆ ತುಳಿಯುವವರು ಗಟ್ಟಿಮುಟ್ಟಾಗಿದ್ದರು. ತಮಗೆ ಬೇಕಿದ್ದದ್ದು ಸೋಲುವ ಹಂತಕ್ಕೆ ಬಂದ ಒಂದು ಶರೀರ. ಐವತ್ತೆರಡು ನಿಮಿಷ ಎಂದು ಇಟ್ಟದ್ದೂ ಅದಕ್ಕೇ. ಗುನ್ವೊರ್ ಮೂವತ್ತು ಸಾಕು ಎಂದಿದ್ದಳಂತೆ, ಅಷ್ಟರಲ್ಲಿ ಆತ ಬೀಳದಿದ್ದರೆ ಏನು ಮಾಡುವುದು ಎಂದು ತಾನೇ ಎಳೆದನಂತೆ. ಸಂದರ್ಶನ ಮಾಡುವವನು ಮೆಚ್ಚಿ ನಕ್ಕ. ಫ್ರೌಕೆ ಎದ್ದು ರೇಡಿಯೊ ಆರಿಸಿದಳು. ಮಂಡಿ ಹೇಗಿದೆ ಎಂದು ಲೌರೆನ್ಸ್ ಕೇಳಿದ್ದು ಯಾಕೆಂದು ಎಪ್ಪೊಗೆ ಆಗ ಅರ್ಥವಾಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕು ಇಲಿಯ ಹೆಸರನ್ನೂ ರಟ್ಟಿನ ಮೇಲೆ ಅಚ್ಚು ಹಾಕಿಸಿತ್ತು.

ಎರಡು ವಾರ ಕಳೆದು ಲೌರೆನ್ಸ್‌ನ ಫೋನ್ ಬಂತು. ಸೆಪ್ಟೆಂಬರಿನಲ್ಲಿ ಇದೇ ಚರ್ಚಿನಲ್ಲಿ ಇಡೀ ಕೃತಿಯನ್ನು ಜನರೆದುರು ಮಾಡುತ್ತೇವೆ, ಎಲ್ಲೆಲ್ಲಿಂದಲೋ ಬಸ್ಸುಗಳು ಬರುತ್ತವೆ, ನೀವೇ ತುಳಿಯಬೇಕು ಎಂದ. ಎಪ್ಪೊ ಒಪ್ಪಿದ.

ಅವನ ಲೆಕ್ಕ ಸರಳವಾಗಿತ್ತು. ಊರು ಅಲ್ಲಿರುತ್ತದೆ, ಪತ್ರಿಕೆಯವರು ಇರುತ್ತಾರೆ, ಆ ಇಬ್ಬರೂ ಇರುತ್ತಾರೆ. ಐವತ್ತೆರಡು ನಿಮಿಷ ಗಾಳಿ ನಡುಗದೆ ನಿಂತರೆ, ಅಪ್ಪನ ಮಾತು ಉಳಿಯುತ್ತದೆ, ತನ್ನ ಹೆಸರು ತನಗೆ ವಾಪಸು ಬರುತ್ತದೆ. ಗ್ರೋನಿಂಗನ್ನಿನ ಡಾಕ್ಟರು ಜೂನ್‌ನಲ್ಲೇ ಮಂಡಿ ಕೊಯ್ಯಬೇಕೆಂದು ದಿನ ಕೊಟ್ಟಿದ್ದರು, ಅದನ್ನು ಮುಂದೂಡಿಸಿದ. ಹೀಗೆ ಬಿಟ್ಟರೆ ಆಮೇಲೆ ಕೊಯ್ದರೂ ನೆಟ್ಟಗಾಗದು ಎಂದು ಡಾಕ್ಟರು ಗದರಿದರು. ದಿನಾ ಬೆಳಿಗ್ಗೆ ಕಡಲ ಕಟ್ಟೆಯ ಮೆಟ್ಟಿಲುಗಳನ್ನು ಬೆನ್ನಿಗೆ ಆಲೂಗಡ್ಡೆ ಚೀಲ ಹೊತ್ತು ಹತ್ತಿ ಇಳಿದ. ಕುರಿಗಳು ಮೇಯುವುದು ಬಿಟ್ಟು ನೋಡುತ್ತಿದ್ದವು. ಎಡಗಾಲಿಗೆ ಕೆಲಸ ಕಡಿಮೆ ಮಾಡಿ ಬಲಗಾಲಲ್ಲೇ ಎರಡು ತೊಲೆ ಹತ್ತುವ ಹೊಸ ಹೆಜ್ಜೆಯೊಂದನ್ನು ಕಲಿತ. ಎಪ್ಪತ್ತನಾಲ್ಕರಲ್ಲಿ ಹೊಸ ಹೆಜ್ಜೆ ಕಲಿಯುವುದೆಂದರೆ ಹುಡುಗಾಟವಲ್ಲ.

ಸೆಪ್ಟೆಂಬರಿನ ಆ ದಿನ ಬೆಳಿಗ್ಗೆ ಫ್ರೌಕೆ ಅವನ ಮಂಡಿಗೆ ಪಟ್ಟಿ ಸುತ್ತಿಕೊಟ್ಟಳು, ಗಟ್ಟಿಯಾಗಿ, ನೋಯುವ ಹಾಗೆ.

“ನಾನು ಬರಲ್ಲ ಎಪ್ಪೊ. ನೀನು ಬೀಳೋದು ನೋಡಕ್ಕೆ ಬಸ್ಸು ಮಾಡ್ಕೊಂಡ್ ಬರ್ತಿದಾರೆ. ಅಂಥೋರ ಪಕ್ಕದಲ್ಲಿ ನಾನು ಕೂರಲ್ಲ.”

“ಬೀಳಲ್ಲ ಕಣೇ.”

“ಬೀಳದೆ ಇದ್ರೆ ಅವರು ನಿನ್ನ ಮುಖಾನೂ ನೋಡಲ್ಲ. ಅದು ಗೊತ್ತಾ ನಿನಗೆ?”

ಗೊತ್ತಿಲ್ಲದೆ ಏನು. ಆದರೆ ಅವನಿಗೆ ಬೇಕಿದ್ದದ್ದು ಬಸ್ಸಿನವರ ಮುಖವಲ್ಲ, ಊರಿನ ಕಿವಿ.

ಚರ್ಚು ತುಂಬಿ ಹೊರಗೂ ಜನ ನಿಂತಿದ್ದರು. ಎಪ್ಪೊ ಬೆಳಕಿರುವಾಗಲೇ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಮೇಲಿನ ಸಣ್ಣ ಗಂಟೆ ಒಂದು ಸಲ ಅಲುಗಿತು. ಗಾಳಿ ಬಿಡು ಎಂದು ಲೌರೆನ್ಸ್ ಹಗ್ಗ ಎಳೆದ ಗುರುತು. ಎಪ್ಪೊ ಮೊದಲ ತೊಲೆ ಹತ್ತಿದ.

ಹತ್ತು ನಿಮಿಷ, ಇಪ್ಪತ್ತು, ಮೂವತ್ತು. ದನಿ ಕೆರೆಯ ನೀರಿನ ಹಾಗೆ ಮಟ್ಟಸವಾಗಿ ನಿಂತಿತ್ತು. ಮೂವತ್ತೈದು ದಾಟಿದ ಮೇಲೆ ಕೆಳಗೆ ಕುರ್ಚಿಗಳು ಕಿರುಗುಟ್ಟಿದವು, ಜನ ಮುಂದಕ್ಕೆ ಬಾಗುತ್ತಿದ್ದರು. ಆಮೇಲೆ ಅದೂ ನಿಂತಿತು. ಮುನ್ನೂರು ಜನ ಉಸಿರು ಹಿಡಿದು ತನ್ನ ಮಂಡಿಗಾಗಿ ಕಾಯುತ್ತಿರುವುದು ಗೋಡೆಯಾಚೆಯಿಂದಲೂ ಅವನಿಗೆ ತಿಳಿಯುತ್ತಿತ್ತು. ಮಂಡಿ ಬೆಂಕಿಯಾಗಿತ್ತು. ಎರಡನೆಯ ತೊಲೆಗೆ ಬಲಗಾಲಿಟ್ಟ, ಗೋಡೆಯ ಹಿಡಿಕೆಗೆ ಜೋತುಬಿದ್ದು ಮೈಯನ್ನು ಇಳಿಸಿದ, ತುಟಿ ಕಚ್ಚಿ ಮೂರನೆಯದಕ್ಕೆ ದಾಟಿದ. ಮೂವತ್ತೆಂಟನೆಯ ನಿಮಿಷ ಬಂತು, ಹೋಯಿತು. ಕೆಳಗೆ ಯಾರೋ ಕೆಮ್ಮಿದರು. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ಕೆಮ್ಮಿದರು. ಕೊನೆಯ ಐದು ನಿಮಿಷ ಎಡಗಾಲು ತನ್ನದೆಂಬ ಅರಿವೇ ಇಲ್ಲದೆ ತುಳಿದ. ಗಾಳಿ ಮಾತ್ರ ಒಂದು ಸಲವೂ ನಡುಗಲಿಲ್ಲ. ಇಪ್ಪತ್ತರ ಪ್ರಾಯದಲ್ಲೂ ಅವನು ಅಷ್ಟು ಚೆನ್ನಾಗಿ ತುಳಿದಿರಲಿಲ್ಲ, ಅದು ಅವನಿಗೆ ಗೊತ್ತಿತ್ತು.

ಚಪ್ಪಾಳೆ ಬಂತು, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು. ಸ್ವಲ್ಪ ಹೊತ್ತಿಗೆ ಲೌರೆನ್ಸ್ ಮತ್ತು ಗುನ್ವೊರ್ ಮೇಲೆ ಬಂದರು. ಎಪ್ಪೊ ಮೂರನೆಯ ತೊಲೆಯ ಮೇಲೆಯೇ ಕೂತಿದ್ದ, ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಲೌರೆನ್ಸ್ ಬಾಗಿಲಲ್ಲೇ ನಿಂತ.

“ಚೆನ್ನಾಗಿತ್ತು ಎಪ್ಪೊ. ತುಂಬಾ ಅಚ್ಚುಕಟ್ಟು. ಆದ್ರೆ ನೋಡಿ, ಅಷ್ಟನ್ನ ಮೋಟಾರೂ ಮಾಡುತ್ತೆ.”

“ಬಿಡು ಲೌರೆನ್ಸ್,” ಎಂದಳು ಗುನ್ವೊರ್. “ಬೇರೆ ಊರುಗಳಿಗೆ ನನ್ನ ಹತ್ರ ಹಳೇ ಟೇಪ್ ಇದೆ. ಅದರಲ್ಲಿ ಪ್ರತಿ ಸಲನೂ ಗಾಳಿ ಬೀಳುತ್ತೆ.”

ಇನ್ನು ಮೇಲೆ ಆರ್ಗನ್ನೂ ಬೇಡ, ಚರ್ಚೂ ಬೇಡ; ಬರ್ಲಿನ್ ಇರಲಿ, ಸ್ಟಾಕ್‌ಹೋಮ್ ಇರಲಿ, ಆ ಬೀಳುವಿಕೆ ಪೆಟ್ಟಿಗೆಯಲ್ಲಿ ಕೂತು ಅವರ ಜೊತೆ ಹೋಗುತ್ತದೆ. ಎಪ್ಪೊ ಬಾಯಿ ಒರೆಸಿಕೊಂಡು, ಹಾಗಾದರೆ ಒಂದು ಕೇಳಿಕೊಳ್ತೀನಿ ಎಂದ.

“ಅದಕ್ಕೆ ನನ್ನ ಹೆಸರು ಹಾಕ್ಬೇಡಿ ಅಮ್ಮಾವ್ರೇ.”

ಗುನ್ವೊರ್ ನಿಜವಾಗಿಯೂ ಅರ್ಥವಾಗದೆ ಅವನನ್ನು ನೋಡಿದಳು. “ಮತ್ತೆ ಯಾರದ್ದು ಹಾಕ್ಲಿ? ಬಿದ್ದೋರು ನೀವೇ ಅಲ್ವಾ?”

ಅವರಿಬ್ಬರೂ ಬಸ್ಸಿನವರನ್ನು ಕಾಣಲು ಇಳಿದು ಹೋದರು. ಎಪ್ಪೊಗೆ ಏಳಲಾಗಲಿಲ್ಲ. ಏಳಬೇಕೆಂಬ ಅವಸರವೂ ಇರಲಿಲ್ಲ. ಅವರು ಹೇಗಿದ್ದರೇನು, ಊರು ಕೇಳಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಚರ್ಚು ಬರಿದಾದ ಮೇಲೆ ಮೆಟ್ಟಿಲಲ್ಲಿ ಬೀಗದ ಕೈಗಳ ಸದ್ದಾಯಿತು. ಲುಬ್ಬರ್ಟ್ ಏರಿ ಬಂದ. ಬಂದವನೇ ಎಪ್ಪೊನನ್ನು ದಾಟಿ ಮೂಲೆಯ ಗೋಡೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ ಸ್ವಿಚ್ಚಿನ ಕಡೆ ಬಾಗಿದ.

“ಮೋಟಾರ್ ಆರ್ಸೋದು ಮರ್ತಿದಾರೇನೋ ಅಂತ ನೋಡಕ್ ಬಂದೆ ಕಣೋ.”

ನಲವತ್ತು ವರ್ಷ ಲುಬ್ಬರ್ಟ್ ಈ ಚರ್ಚಿನಲ್ಲಿ ಮುಂದಿನ ಬೆಂಚಿಗೇ ಕೂತು ಎಪ್ಪೊನ ಗಾಳಿ ಕೇಳಿದವನು. ಎಪ್ಪೊಗೆ ಹೇಳಬೇಕೆನಿಸಿತು, ಒದ್ದೆ ಅಂಗಿ ತೋರಿಸಬೇಕೆನಿಸಿತು, ಊದಿದ ಮಂಡಿ ತೋರಿಸಬೇಕೆನಿಸಿತು. ತೋರಿಸಿ ನಂಬಿಸಬೇಕಾದ ಗಾಳಿಯನ್ನು ಇಟ್ಟುಕೊಂಡು ಏನು ಮಾಡುವುದು ಎಂದೂ ಅನಿಸಿತು.

“ಆಗ್ಲೇ ಆರ್ಸಿದೀನಿ,” ಎಂದ.

ಲುಬ್ಬರ್ಟ್ ಕೈ ಕೊಟ್ಟು ಎಬ್ಬಿಸಿದ. ಮಂಡಿ ಮಡಚಲಾಗದ ಎಪ್ಪೊ ಅವನ ಭುಜ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಈ ಸಲ ನಿನ್ನನ್ನು ಸುಮ್ಮನೆ ಕೂರಿಸಿ ಮೋಟಾರ್ ಹಾಕಿದ್ದು ಒಳ್ಳೆಯದೇ ಆಯಿತು, ವಯಸ್ಸಾದವರಿಗೆ ಇದೆಲ್ಲ ಯಾಕೆ ಎಂದು ಲುಬ್ಬರ್ಟ್ ಕೆಳಗಿನವರೆಗೂ ಹೇಳುತ್ತಲೇ ಬಂದ.